ಗುರುತಿಲ್ಲದವನಿಗೂ ಅದೇ ಅಳತೆ

ನಮ್ಮ ಊರುಗಳ ಹೋಟೆಲುಗಳಲ್ಲಿ ಎರಡು ಬಗೆಯ ಬೋರ್ಡುಗಳನ್ನು ನೋಡಬಹುದು. ಒಂದರಲ್ಲಿ ಹೋಟೆಲಿನ ಹೆಸರಿನ ಕೆಳಗೆ ‘ನಮ್ಮ ಶಾಖೆಗಳು’ ಎಂದು ಊರೂರುಗಳ, ಬಡಾವಣೆಗಳ ಪಟ್ಟಿ ಇರುತ್ತದೆ. ಇನ್ನೊಂದರಲ್ಲಿ ಅಷ್ಟೇ ಹೆಮ್ಮೆಯಿಂದ ‘ನಮಗೆ ಬೇರೆಲ್ಲೂ ಶಾಖೆಗಳಿಲ್ಲ’ ಎಂದು ಬರೆದಿರುತ್ತದೆ. ಎರಡೂ ಬೋರ್ಡುಗಳು ಗಿರಾಕಿಗೆ ಹೇಳಲು ಹೊರಟಿರುವ ಮಾತು ಒಂದೇ: ನಮ್ಮನ್ನು ನಂಬಿ. ಎಲ್ಲಿ ಹೋದರೂ ನಾವು ಬದಲಾಗುವುದಿಲ್ಲ, ಆದ್ದರಿಂದ ನಂಬಿ ಎಂದು ಮೊದಲನೆಯದು ಹೇಳುತ್ತದೆ. ನಾವು ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ, ಒಲೆಯ ಮುಂದೆ ನಾವೇ ನಿಂತಿರುತ್ತೇವೆ, ಆದ್ದರಿಂದ ನಂಬಿ ಎಂದು ಎರಡನೆಯದು ಹೇಳುತ್ತದೆ.

ಈ ನಂಬಿಕೆ ಸಣ್ಣ ವಿಷಯವಲ್ಲ. ಅಂಗಡಿಯಿಂದ ತಂದ ಬಟ್ಟೆ ಸರಿಯಿಲ್ಲದಿದ್ದರೆ ಹಿಂದಿರುಗಿಸಬಹುದು. ಬಸ್ಸು ತಡವಾದರೆ ಬೈದು ಸುಮ್ಮನಾಗಬಹುದು. ಅನ್ನ ಹಾಗಲ್ಲ. ಗುರುತು ಪರಿಚಯವಿಲ್ಲದ ಯಾರೋ, ನಮಗೆ ಕಾಣದ ಕೋಣೆಯಲ್ಲಿ, ನಮಗೆ ಗೊತ್ತಿಲ್ಲದ ನೀರು, ಎಣ್ಣೆ, ಹಿಟ್ಟುಗಳಿಂದ ಮಾಡಿಟ್ಟದ್ದನ್ನು ನಾವು ನಮ್ಮ ದೇಹದೊಳಗೆ ಇಳಿಸಿಕೊಳ್ಳುತ್ತೇವೆ. ದಿನಕ್ಕೆ ಲಕ್ಷಾಂತರ ಮಂದಿ ಹೀಗೆ ಮಾಡುತ್ತಾರೆ. ಅದೊಂದು ದೊಡ್ಡ ವಿಶ್ವಾಸವೆಂದು ಯಾರಿಗೂ ಅನಿಸುವುದಿಲ್ಲ.

ಯಾವ ಹೋಟೆಲು ಚೆನ್ನಾಗಿದೆ ಎಂದು ಕೇಳಿದರೆ ನಾವೆಲ್ಲ ರುಚಿಯ ಮಾತನ್ನೇ ಆಡುತ್ತೇವೆ. ಒಬ್ಬರಿಗೆ ಎಂ.ಟಿ.ಆರ್.ನ ರವೆ ಇಡ್ಲಿ ಇಷ್ಟ. ಇನ್ನೊಬ್ಬರಿಗೆ ಕಾಮತರ ಜೋಳದ ರೊಟ್ಟಿ ಊಟ. ಮತ್ತೊಬ್ಬರಿಗೆ ರಾತ್ರಿ ಬಹಳ ಹೊತ್ತಿನ ತನಕ ತೆರೆದಿರುವ ಎಂಪೈರ್‌ನ ಗೀ ರೈಸ್ ಮತ್ತು ಕಬಾಬ್. ರುಚಿಯ ಬಗ್ಗೆ ವಾದ ಮಾಡಿ ಪ್ರಯೋಜನವಿಲ್ಲ. ಆದರೆ ಒಂದೇ ಹೆಸರಿನಲ್ಲಿ ಹತ್ತಾರು ಕಡೆ ನಡೆಯುವ ಹೋಟೆಲು ಊಟಕ್ಕೆ ಯೋಗ್ಯವಾಗುವುದು ರುಚಿಯಿಂದ ಮಾತ್ರವೇ? ಇಂಥ ಹೋಟೆಲಿನ ದೋಸೆಗಿಂತ ಚೆನ್ನಾದ ದೋಸೆ ಯಾವುದೋ ಓಣಿಯ ಮೂಲೆಯಲ್ಲಿ ಸಿಕ್ಕೀತು. ಆದರೂ ಹೊಸ ಊರಿನ ಬಸ್ ನಿಲ್ದಾಣದಲ್ಲಿ ಇಳಿದವನ ಕಣ್ಣು ಮೊದಲು ಹುಡುಕುವುದು ತನಗೆ ಗೊತ್ತಿರುವ ಬೋರ್ಡನ್ನು. ಇದೇಕೆ ಎಂದು ಯೋಚಿಸಿದರೆ ನಾವು ಅಡುಗೆಮನೆಯನ್ನು ದಾಟಿ ನ್ಯಾಯದ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಅನುಮಾನದಿಂದ ಹುಟ್ಟಿದ್ದು

ಹಿಂದೆ ಪ್ರಯಾಣಿಕನಿಗೆ ನೆಂಟರ ಮನೆಯಿತ್ತು, ಛತ್ರವಿತ್ತು, ಮಠವಿತ್ತು, ಮುಸಾಫಿರ್‌ಖಾನೆಯಿತ್ತು. ಅಲ್ಲಿ ಅನ್ನ ಸಿಗುತ್ತಿತ್ತು, ಆದರೆ ಬಹುತೇಕ ಕಡೆ ಅನ್ನಕ್ಕೆ ಮೊದಲು ಒಂದು ಪ್ರಶ್ನೆ ಇತ್ತು: ನೀವು ಯಾವ ಪೈಕಿ? ಶರಣರ ದಾಸೋಹ, ಸಿಖ್ಖರ ಲಂಗರ್‌ನಂಥವು ಆ ಪ್ರಶ್ನೆಯನ್ನು ಕೈಬಿಟ್ಟವು. ಆ ಕಾರಣಕ್ಕಾಗಿಯೇ ಅವು ಚರಿತ್ರೆಯಲ್ಲಿ ದೊಡ್ಡ ಹೆಸರಾಗಿ ಉಳಿದಿವೆ. ಹಣ ಕೊಟ್ಟು, ಯಾರ ಋಣಕ್ಕೂ ಬೀಳದೆ, ಯಾವ ಪ್ರಶ್ನೆಗೂ ಉತ್ತರಿಸದೆ ಊಟ ಮಾಡಿ ಎದ್ದು ಹೋಗುವ ಸೌಲಭ್ಯ ಜನಸಾಮಾನ್ಯರಿಗೆ ದೊರೆತದ್ದು ಬಹಳ ಈಚೆಗೆ.

ಒಂದೇ ಹೆಸರಿನ ಹೋಟೆಲುಗಳ ಸಾಲು ಅಮೆರಿಕದಲ್ಲಿ ದೊಡ್ಡದಾಗಿ ಬೆಳೆಯಿತು. 1876ರಲ್ಲಿ ಕ್ಯಾನ್ಸಸ್‌ನ ಟೊಪೀಕಾ ರೈಲು ನಿಲ್ದಾಣದಲ್ಲಿ ಫ್ರೆಡ್ ಹಾರ್ವಿ ಎಂಬಾತ ಊಟದ ಮನೆ ತೆರೆದ. ಆಗ ರೈಲು ದಾರಿಯ ಊಟವೆಂದರೆ ಪ್ರಯಾಣಿಕರಿಗೆ ಭಯ. ಹಳಸಿದ್ದನ್ನು ಕೊಟ್ಟರೂ ಕೇಳುವವರಿಲ್ಲ, ಏಕೆಂದರೆ ಗಿರಾಕಿ ಮತ್ತೆ ಬರುವವನಲ್ಲ. ಹಾರ್ವಿ ಮುಂದಿನ ನಿಲ್ದಾಣದಲ್ಲೂ ಅದೇ ಹೆಸರಿನಲ್ಲಿ, ಅದೇ ಗುಣಮಟ್ಟದಲ್ಲಿ ಊಟ ಕೊಟ್ಟ. ಅವನ ವ್ಯಾಪಾರ ರೈಲು ದಾರಿಯುದ್ದಕ್ಕೂ ಬೆಳೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂಟಿ ಹೋಟೆಲಿನವನಿಗೆ ದಾರಿಹೋಕ ಮತ್ತೆಂದೂ ಸಿಗದ ಮನುಷ್ಯ. ಶಾಖೆಗಳಿರುವ ಹೋಟೆಲಿಗೆ ಮಾತ್ರ ಯಾವ ದಾರಿಹೋಕನೂ ಪೂರ್ತಿ ದಾರಿಹೋಕನಲ್ಲ. ಇಲ್ಲಿ ಮೋಸಹೋದವನು ಮುಂದಿನ ಊರಿನಲ್ಲಿ ಅದೇ ಬೋರ್ಡನ್ನು ಕಂಡು ಮುಖ ತಿರುಗಿಸುತ್ತಾನೆ.

1906ರಲ್ಲಿ ಅಪ್ಟನ್ ಸಿಂಕ್ಲೇರ್ ಶಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕನ್ನು ‘ದಿ ಜಂಗಲ್’ ಕಾದಂಬರಿಯಲ್ಲಿ ಬಯಲಿಗೆಳೆದ. ಅಮೆರಿಕದ ಜನ ಮಾಂಸವನ್ನೇ ಅನುಮಾನಿಸತೊಡಗಿದರು. ಅದೇ ವರ್ಷ ಅಲ್ಲಿ ಆಹಾರ ಶುದ್ಧತೆಯ ಕಾನೂನುಗಳು ಬಂದವು. 1921ರಲ್ಲಿ ವಿಚಿಟಾ ಪಟ್ಟಣದಲ್ಲಿ ‘ವೈಟ್ ಕ್ಯಾಸಲ್’ ಆರಂಭವಾದಾಗ ಅದರ ಕಟ್ಟಡ ಬಿಳಿ, ಒಲೆ ಗಿರಾಕಿಯ ಕಣ್ಣೆದುರು. ಮಾಂಸವನ್ನು ಎದುರಿಗೇ ಬೇಯಿಸಿ ಐದು ಸೆಂಟಿಗೆ ಒಂದು ಬರ್ಗರ್ ಕೊಡುತ್ತಿದ್ದರು. ಆ ಬಿಳಿ ಬಣ್ಣ ಅಲಂಕಾರಕ್ಕಾಗಿ ಬಂದದ್ದಲ್ಲ, ಅನುಮಾನಕ್ಕೆ ಕೊಟ್ಟ ಉತ್ತರವಾಗಿ ಬಂದದ್ದು.

ನಮ್ಮಲ್ಲೂ ಇಂಥದೇ ಒಂದು ಕಥೆಯಿದೆ. ಉಡುಪಿ ಕಡೆಯ ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಪುಟ್ಟ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ನೋಡಿ ಬಂದರು. ಬಂದವರು ಪಾತ್ರೆ ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸುವ ವ್ಯವಸ್ಥೆ ಮಾಡಿದರು. ಗಿರಾಕಿಗಳು ಅಡುಗೆಮನೆಯೊಳಗೆ ಹೋಗಿ ನೋಡಬಹುದೆಂದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಇವರು ರವೆಯಲ್ಲಿ ಇಡ್ಲಿ ಮಾಡಿದರೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ನನ್ನ ದೃಷ್ಟಿಯಲ್ಲಿ ರವೆ ಇಡ್ಲಿಗಿಂತ ದೊಡ್ಡದು ಆ ತೆರೆದ ಅಡುಗೆಮನೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ಬೆಲೆಗಳನ್ನು ತೀರಾ ಕೆಳಕ್ಕೆ ಇಳಿಸಿತು. ಆ ಬೆಲೆಗೆ ತಕ್ಕಂತೆ ತುಪ್ಪದ ಬದಲು ಇನ್ನೇನನ್ನೋ ಸುರಿದು, ಕಾಫಿಗೆ ನೀರು ಬೆರೆಸಿ ಹೇಗೋ ನಡೆಸಬಹುದಿತ್ತು. ಅದರ ಬದಲು ಎಂ.ಟಿ.ಆರ್. ಬಾಗಿಲು ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಸಿದ್ಧ ಹಿಟ್ಟು, ಪುಡಿಗಳ ವ್ಯಾಪಾರಕ್ಕಿಳಿಯಿತು. ಹೋಟೆಲು ಮತ್ತೆ ತೆರೆದದ್ದು ವರ್ಷಗಳ ಬಳಿಕ. ಪುಡಿಯ ಕಂಪೆನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು, ಹೋಟೆಲು ಮನೆತನದಲ್ಲೇ ಉಳಿದು ಸಿಂಗಪುರ, ದುಬೈಗಳವರೆಗೂ ಹೋಯಿತು. ಅಳತೆಯಲ್ಲಿ ಕಡಿತ ಮಾಡುವವರ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ತೂಕದ ಮೋಸವನ್ನು ತಕ್ಕಡಿಯಲ್ಲಿ ಕಾಣಬಹುದು. ಗುಣದ ಮೋಸ ಯಾವ ತಕ್ಕಡಿಗೂ ಸಿಗುವುದಿಲ್ಲ. ಅಲ್ಲಿ ಮಾರುವವನ ಮನಸ್ಸೇ ತಕ್ಕಡಿ.

ಪ್ರೀತಿ ದೊಡ್ಡದೋ, ನ್ಯಾಯ ದೊಡ್ಡದೋ?

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಎಲ್ಲೆಡೆ ಒಂದೇ ಬಣ್ಣ, ಒಂದೇ ತಟ್ಟೆ, ಒಂದೇ ಸಾಂಬಾರು. ಇದರಲ್ಲಿ ಏನು ಸುಖವಿದೆ? ನಮ್ಮೂರಿನ ಚಿಕ್ಕ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತವರು ಹೆಸರು ಹಿಡಿದು ಕರೆಯುತ್ತಾರೆ. ಮಗಳ ಮದುವೆಯ ವಿಚಾರ ಕೇಳುತ್ತಾರೆ. ಕೇಳದೆಯೇ ಇನ್ನೊಂದು ಸೌಟು ಚಟ್ನಿ ಬೀಳುತ್ತದೆ. ದೊಡ್ಡ ಹೆಸರಿನ ಹೋಟೆಲಿನಲ್ಲಿ ನಾವು ಬರೀ ಒಂದು ಟೋಕನ್ ಸಂಖ್ಯೆ. ಮೇಲಾಗಿ ಈ ದೊಡ್ಡವರು ಬಂದರೆಂದರೆ ಚಿಕ್ಕವರ ಒಲೆ ಆರುತ್ತದೆ.

ಈ ಆಕ್ಷೇಪ ಸುಳ್ಳಲ್ಲ. ಚಿಕ್ಕ ಹೋಟೆಲಿನ ಆತ್ಮೀಯತೆಗೆ ಬೆಲೆ ಕಟ್ಟಲಾಗದು, ಅದು ಉಳಿಯಬೇಕು. ಆದರೆ ಆ ಇನ್ನೊಂದು ಸೌಟು ಚಟ್ನಿ ಯಾರ ತಟ್ಟೆಗೆ ಬೀಳುತ್ತದೆ ಎಂದು ಒಮ್ಮೆ ಕೇಳಿಕೊಳ್ಳೋಣ. ಗುರುತಿನವನ ತಟ್ಟೆಗೆ. ಪ್ರೀತಿಗೆ ಗುರುತು ಬೇಕು. ಗುರುತು ಎಲ್ಲರಿಗೂ ಲಾಭದಾಯಕವಲ್ಲ. ಊರಿನ ಹೋಟೆಲಿನಲ್ಲಿ ಗೌಡರಿಗೆ, ಮೇಷ್ಟರಿಗೆ, ಸಾಹುಕಾರರಿಗೆ ಗುರುತೆಂಬುದು ಕುರ್ಚಿ ಒರೆಸಿ ಕೊಡುವ ಮರ್ಯಾದೆ. ಅದೇ ಊರಿನ ದಲಿತ ಕೇರಿಯ ಹುಡುಗನಿಗೆ ಗುರುತೆಂದರೆ ಹೊರಗಿನ ಜಗಲಿ ಮತ್ತು ಬೇರೆಯಾಗಿ ಇಟ್ಟ ಲೋಟ. ಎರಡು ಲೋಟ ಪದ್ಧತಿ ನಡೆದದ್ದು ಎಲ್ಲರಿಗೂ ಎಲ್ಲರ ಗುರುತಿರುವ ಚಿಕ್ಕ ಚಹಾ ಅಂಗಡಿಗಳಲ್ಲಿ. ಅಲ್ಲಿ ಆತ್ಮೀಯತೆಯೂ ಇತ್ತು, ಅವಮಾನವೂ ಇತ್ತು. ಎರಡಕ್ಕೂ ಕಾರಣ ಗುರುತು.

ಒಬ್ಬಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಗಳೊಬ್ಬಳನ್ನು ಕೇಳಿ ನೋಡಿ. ಪರಿಚಿತ ಹೆಸರಿನ ಹೋಟೆಲಿಗೆ ಆಕೆ ಹೋಗುವುದು ಮಸಾಲೆದೋಸೆಯ ಆಸೆಗಲ್ಲ. ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಜೊತೆಯಲ್ಲಿ ಯಾರಿಲ್ಲವೇ ಎಂದು ಕೇಳುವುದಿಲ್ಲ. ‘ಫ್ಯಾಮಿಲಿ ರೂಮ್’ ಎಂದು ಬರೆದ ಪರದೆಯ ಹಿಂದೆ ಕಳುಹಿಸುವುದಿಲ್ಲ. ಶೌಚಾಲಯ ಇರುತ್ತದೆಂಬ ಭರವಸೆಯಿದೆ. ಬುರ್ಖಾ ತೊಟ್ಟವಳಿಗೂ, ಟೊಪ್ಪಿ ಹಾಕಿದವನಿಗೂ, ಹೊರ ರಾಜ್ಯದಿಂದ ಬಂದ ಕೂಲಿಕಾರನಿಗೂ ಇದೇ ಮಾತು. ಯಾರೂ ನಮ್ಮನ್ನು ಗುರುತಿಸದ ಜಾಗದಲ್ಲಿ ನೆಮ್ಮದಿಯಾಗಿ ತಿನ್ನುವುದು ಕೆಲವರಿಗೆ ದೊಡ್ಡ ಸುಖ. ಗುರುತಿನಿಂದ ಎಂದೂ ನೋವುಂಡಿಲ್ಲದವರಿಗೆ ಮಾತ್ರ ಅದು ಸಪ್ಪೆಯೆನಿಸುತ್ತದೆ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ ಈ ಸುಖವನ್ನು ಅಗ್ಗವಾಗಿಸಿತು. ಕುರ್ಚಿಯಿಲ್ಲ, ಮಾಣಿಯಿಲ್ಲ. ಟೋಕನ್ ತೆಗೆದುಕೊಂಡು ತಟ್ಟೆ ಹಿಡಿದು ನಿಂತೇ ತಿನ್ನಬೇಕು. ಒಲೆ ಎದುರಿಗೇ ಕಾಣುತ್ತದೆ. ಇದು ಜಾಗದ ಬಾಡಿಗೆ ಮತ್ತು ಸಂಬಳದ ಖರ್ಚು ಉಳಿಸುವ ಉಪಾಯವಾಗಿತ್ತು, ಸಮಾಜ ಸುಧಾರಣೆಯ ಉದ್ದೇಶ ಇರಲಿಕ್ಕಿಲ್ಲ. ಆದರೆ ಕುರ್ಚಿ ಹೋದಾಗ ಕುರ್ಚಿಯ ಅಂತಸ್ತೂ ಹೋಯಿತು. ಕಾರಿನಿಂದ ಇಳಿದವನೂ ಆಟೋ ನಿಲ್ಲಿಸಿ ಬಂದವನೂ ಒಂದೇ ಎತ್ತರದ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡರು. 2017ರಲ್ಲಿ ಐದು ರೂಪಾಯಿಯ ತಿಂಡಿ, ಹತ್ತು ರೂಪಾಯಿಯ ಊಟದೊಂದಿಗೆ ಬಂದ ಇಂದಿರಾ ಕ್ಯಾಂಟೀನ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಅಲ್ಲಿಯೂ ಬಡವನೆಂಬುದಕ್ಕೆ ಚೀಟಿ ತೋರಿಸಬೇಕಾಗಿರಲಿಲ್ಲ.

ಪ್ರೀತಿ ಗುರುತಿನವರಿಗೆ ಸಲ್ಲುತ್ತದೆ. ಗುರುತಿಲ್ಲದವನಿಗೂ ಅದೇ ಅಳತೆ ಸಿಕ್ಕಿದಾಗ ಅದು ನ್ಯಾಯವಾಗುತ್ತದೆ. ಮನೆಯಲ್ಲಿ ಪ್ರೀತಿ ಇರಲಿ. ಬೀದಿಯಲ್ಲಿ ಮೊದಲು ನ್ಯಾಯವಿರಬೇಕು.

ಬಾಗಿಲಿನ ಪರೀಕ್ಷೆ

ಹಾಗೆಂದು ಹೆಸರು ದೊಡ್ಡದಾದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯಿತು ಎಂದು ಭಾವಿಸಬಾರದು. ಇಂದಿನ ಎಂ.ಟಿ.ಆರ್. ಕೂಡ ಆರಂಭದಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿತ್ತು. ಆ ಕಾಲದಲ್ಲಿ ಅಂಥ ಹೆಸರೇ ಶುಚಿತ್ವದ ಪ್ರಮಾಣಪತ್ರವಾಗಿತ್ತು. ಅಡುಗೆಯವನ ಜಾತಿ ಗೊತ್ತಾದರೆ ಅಡುಗೆಯ ಬಗ್ಗೆ ಬೇರೇನೂ ಕೇಳಬೇಕಾಗಿಲ್ಲವೆಂಬ ನಂಬಿಕೆ ಅದು. ದಕ್ಷಿಣ ಕನ್ನಡದಿಂದ ಹೊರಟ ಉಡುಪಿ ಹೋಟೆಲುಗಳು ಮದ್ರಾಸು, ಮುಂಬಯಿಗಳಲ್ಲಿ ದಕ್ಷಿಣದ ತಿಂಡಿಯನ್ನು ಸಾರ್ವಜನಿಕವಾಗಿಸಿದವು. ಆದರೆ ಹಳೆಯ ಕಾಲದ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯೂ ಇತ್ತು. ಮದ್ರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರರ ದ್ರಾವಿಡ ಕಳಗಂ 1957ರಲ್ಲಿ ಹೋಟೆಲಿನ ಮುಂದೆ ಚಳವಳಿಯನ್ನೇ ಹೂಡಬೇಕಾಯಿತು. ಕೊನೆಗೆ ಆ ಪದ ಬೋರ್ಡಿನಿಂದ ಇಳಿಯಿತು.

ನಮ್ಮ ಸಂವಿಧಾನವನ್ನು ಬರೆದವರಿಗೆ ಹೋಟೆಲಿನ ಬಾಗಿಲು ಎಷ್ಟು ಮುಖ್ಯವೆಂಬುದು ಗೊತ್ತಿತ್ತು. 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೇ ಹೇಳಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಬಾರದೆಂದು ವಿಧಿಸಲಾಗಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಮಾತೂ ಅದರಲ್ಲಿದೆ. ಒಂದು ದೇಶದ ಮೂಲ ಕಾನೂನಿನಲ್ಲಿ ಹೋಟೆಲು ಎಂಬ ಪದ ಬಂದಿದೆ ಎಂದರೆ, ಅದರ ಹಿಂದೆ ಎಷ್ಟು ಜನ ಹಸಿದ ಹೊಟ್ಟೆಯಲ್ಲಿ ಬಾಗಿಲಿನಿಂದ ಮರಳಿರಬೇಕು!

ಅಮೆರಿಕದಲ್ಲೂ ಇದೇ ಹೋರಾಟ ನಡೆಯಿತು. ವುಲ್‌ವರ್ತ್ ಎಂಬುದು ಊರೂರಿನಲ್ಲಿ ಮಳಿಗೆಗಳಿದ್ದ ದೊಡ್ಡ ಸಂಸ್ಥೆ. ಮಳಿಗೆಯೊಳಗೇ ಊಟದ ಕೌಂಟರ್ ಇರುತ್ತಿತ್ತು. 1960ರ ಫೆಬ್ರವರಿ 1ರಂದು ನಾರ್ತ್ ಕೆರೊಲೈನಾದ ಗ್ರೀನ್ಸ್‌ಬರೋ ಪಟ್ಟಣದ ಮಳಿಗೆಯಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಮೊದಲು ಸಣ್ಣಪುಟ್ಟ ಸಾಮಾನು ಕೊಂಡರು. ಅಂಗಡಿ ಅವರ ಹಣವನ್ನು ಪಡೆಯಿತು. ಬಳಿಕ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಅಲ್ಲಿ ಕಾಫಿ ಬಿಳಿಯರಿಗೆ ಮಾತ್ರ. ಅವರು ಅಂಗಡಿ ಮುಚ್ಚುವವರೆಗೂ ಕುಳಿತೇ ಇದ್ದರು, ಮರುದಿನ ಇನ್ನಷ್ಟು ಜನರೊಂದಿಗೆ ಬಂದರು. ಕೆಲವೇ ವಾರಗಳಲ್ಲಿ ಈ ಧರಣಿ ದಕ್ಷಿಣದ ಹತ್ತಾರು ಪಟ್ಟಣಗಳಿಗೆ ಹಬ್ಬಿತು. ಜುಲೈ 25ರಂದು ಗ್ರೀನ್ಸ್‌ಬರೋದ ಆ ಕೌಂಟರ್ ಎಲ್ಲರಿಗೂ ತೆರೆಯಿತು.

ಈ ಧರಣಿ ಹಬ್ಬುವುದಕ್ಕೆ ಆ ಮಳಿಗೆಗಳು ಒಂದೇ ಹೆಸರಿನವಾಗಿದ್ದುದೂ ಒಂದು ಕಾರಣ. ದಕ್ಷಿಣದಲ್ಲಿ ಬಾಗಿಲು ಮುಚ್ಚಿದ ಹೆಸರೇ ಉತ್ತರದ ನಗರಗಳಲ್ಲೂ ಇತ್ತು, ಅಲ್ಲಿಯ ಜನ ಆ ಮಳಿಗೆಗಳ ಮುಂದೆ ಫಲಕ ಹಿಡಿದು ನಿಂತರು. ಒಂಟಿ ಅಂಗಡಿಯ ಅನ್ಯಾಯ ಆ ಬೀದಿಯಲ್ಲೇ ಮುಚ್ಚಿಹೋಗುತ್ತದೆ. ಹೆಸರು ಒಂದಾಗಿದ್ದರೆ ಹೊಣೆಯೂ ಒಂದೇ.

ಕೈಗಳ ಪರೀಕ್ಷೆ

ಅಳತೆ ಸರಿಯಿದೆ, ಬಾಗಿಲು ತೆರೆದಿದೆ. ಇಷ್ಟಾದರೆ ಹೋಟೆಲು ಯೋಗ್ಯವಾಯಿತೇ? ಗಿರಾಕಿಯ ಕಡೆಯಿಂದ ನೋಡಿದರೆ ಹೌದು. ಆದರೆ ತಟ್ಟೆಯ ಇನ್ನೊಂದು ಬದಿಯಲ್ಲಿ ತಟ್ಟೆ ತೊಳೆಯುವವನಿದ್ದಾನೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುವವನಿದ್ದಾನೆ. ಎಲ್ಲೆಡೆ ಒಂದೇ ರುಚಿ, ಕಡಿಮೆ ಬೆಲೆ ಎಂಬ ನಮ್ಮ ಅನುಕೂಲ ಅವರ ಬೆನ್ನಿನ ಮೇಲೆ ನಿಂತಿದೆ. ಈ ವಿಷಯದಲ್ಲಿ ನಮ್ಮ ದೇಶ ಜಗತ್ತಿಗೆ ತೋರಿಸಬಹುದಾದ ಒಂದು ಉದಾಹರಣೆ ಇಂಡಿಯನ್ ಕಾಫಿ ಹೌಸ್.

ಭಾರತದ ಕಾಫಿಗೆ ಮಾರುಕಟ್ಟೆ ಬೆಳೆಸಲು ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚಲು ತೀರ್ಮಾನವಾಯಿತು. ಬೀದಿಗೆ ಬೀಳಲಿದ್ದ ಕೆಲಸಗಾರರಿಗೆ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಒಂದು ದಾರಿ ತೋರಿಸಿದರು: ಬೇರೆ ಯಜಮಾನನನ್ನು ಹುಡುಕಬೇಡಿ, ನೀವೇ ನಡೆಸಿ. 1957ರ ಆಗಸ್ಟ್ 19ರಂದು ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ, 1958ರ ಮಾರ್ಚಿನಲ್ಲಿ ತ್ರಿಶ್ಶೂರಿನಲ್ಲಿ ಕಾರ್ಮಿಕರ ಕಾಫಿ ಹೌಸ್‌ಗಳು ತೆರೆದವು. ಕೆಲಸಗಾರರೇ ಸದಸ್ಯರು, ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸುವವರು. ಬ್ರಿಟಿಷ್ ಕಾಲದ ಬಟ್ಲರರಂತೆ ಗರಿ ಪೇಟ, ಅಗಲ ಪಟ್ಟಿ ತೊಟ್ಟು ಕಾಫಿ ತಂದಿಡುವಾತ ಆ ಹೋಟೆಲಿನ ಒಬ್ಬ ಯಜಮಾನ!

ಕಾಫಿ ಹೌಸ್‌ನಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಕುರ್ಚಿಗಳು ಹಳತಾಗಿರುತ್ತವೆ, ತಿಂಡಿ ನಿಧಾನವಾಗಿ ಬರುತ್ತದೆ, ಕೇರಳದ ಮಸಾಲೆದೋಸೆಯೊಳಗಿನ ಬೀಟ್‌ರೂಟ್ ಎಲ್ಲರಿಗೂ ಹಿಡಿಸುವುದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯ ಹಳೆಯ ಜಾಗವನ್ನು ಬಿಟ್ಟು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಆದರೂ ಒಂದು ಕಾಫಿ ಹಿಡಿದು ಎಷ್ಟು ಹೊತ್ತು ಕುಳಿತರೂ ಬಿಲ್ಲು ತಂದಿಟ್ಟು ಎಬ್ಬಿಸದ ಆ ಔದಾರ್ಯಕ್ಕೂ, ಅಲ್ಲಿ ಗಲ್ಲಾದ ಮೇಲೆ ಒಬ್ಬನೇ ಯಜಮಾನ ಇಲ್ಲದಿರುವುದಕ್ಕೂ ಸಂಬಂಧವಿದೆ ಎಂದು ನನಗೆ ತೋರುತ್ತದೆ.

ಇದಕ್ಕೆ ತದ್ವಿರುದ್ಧವಾದ, ಮನಸ್ಸನ್ನು ಕಲಕುವ ಉದಾಹರಣೆ ಶರವಣ ಭವನ. 1981ರಲ್ಲಿ ಚೆನ್ನೈಯಲ್ಲಿ ಪಿ. ರಾಜಗೋಪಾಲ್ ಆರಂಭಿಸಿದ ಈ ಹೋಟೆಲು ದೇಶ ವಿದೇಶಗಳಿಗೆ ಹರಡಿತು. ಶುಚಿಯಾದ ಅಡುಗೆ, ಎಲ್ಲರಿಗೂ ತೆರೆದ ಬಾಗಿಲು. ಕೆಲಸಗಾರರಿಗೆ ವಸತಿ, ಚಿಕಿತ್ಸೆ, ಮಕ್ಕಳ ಓದಿಗೆ ನೆರವು ಕೊಡುವುದರಲ್ಲೂ ಅದಕ್ಕೆ ಒಳ್ಳೆಯ ಹೆಸರಿತ್ತು. ಆದರೆ ತನ್ನ ಉದ್ಯೋಗಿಯೊಬ್ಬನ ಮಗಳನ್ನು ಮದುವೆಯಾಗುವ ಹಠದಲ್ಲಿ ಆಕೆಯ ಗಂಡನನ್ನು 2001ರಲ್ಲಿ ಕೊಲ್ಲಿಸಿದ ಅಪರಾಧ ಅದೇ ರಾಜಗೋಪಾಲ್ ಮೇಲೆ ಸಾಬೀತಾಯಿತು. 2004ರಲ್ಲಿ ಕೆಳ ನ್ಯಾಯಾಲಯ ಹತ್ತು ವರ್ಷಗಳ ಶಿಕ್ಷೆ ಕೊಟ್ಟಿತು. 2009ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಜೀವಾವಧಿಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಆ ಜುಲೈಯಲ್ಲೇ ಆತ ತೀರಿಕೊಂಡ.

ಇಷ್ಟೆಲ್ಲ ನಡೆಯುವಾಗಲೂ ಜನ ಅಲ್ಲಿ ಇಡ್ಲಿ ತಿನ್ನುತ್ತಲೇ ಇದ್ದರು. ಅವರು ತಪ್ಪು ಮಾಡಿದರೇ? ನನಗೆ ಹಾಗನಿಸುವುದಿಲ್ಲ. ಆ ತಟ್ಟೆ ಒಬ್ಬನದಲ್ಲ, ಸಾವಿರಾರು ಕೆಲಸಗಾರರದು. ಅಪರಾಧಿಗೆ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಹೋಟೆಲು ಬಿಕೋ ಎಂದರೆ ಮೊದಲು ಹಸಿಯುವುದು ಪಾತ್ರೆ ತೊಳೆಯುವವನ ಮಕ್ಕಳು. ಆದರೆ ಈ ಪ್ರಕರಣದಿಂದ ನಾವು ಕಲಿಯಬೇಕಾದ ಪಾಠ ಬೇರೆಯೇ ಇದೆ. ಮನೆ, ಮದ್ದು, ಓದು ಎಲ್ಲವೂ ಯಜಮಾನನ ಕೃಪೆಯಾಗಿ ಬಂದಾಗ, ಆ ಕೃಪೆ ಒಂದು ದಿನ ಕೆಲಸಗಾರನ ಮನೆಯೊಳಗೆ ಕಾಲಿಡುವ ಧೈರ್ಯವನ್ನೂ ಪಡೆದೀತು. ಉಪಕಾರವಾಗಿ ಸಿಕ್ಕಿದ್ದಕ್ಕೆ ಋಣವಿದೆ, ಹಕ್ಕಾಗಿ ಬಂದದ್ದಕ್ಕೆ ಋಣವಿಲ್ಲ. ಕಾಫಿ ಹೌಸ್‌ನ ಕೆಲಸಗಾರನಿಗೆ ಸಿಗುವುದು ಕೆಲವೊಮ್ಮೆ ಕಡಿಮೆಯಿರಬಹುದು. ಆದರೆ ಅದಕ್ಕಾಗಿ ಆತ ಯಾರ ಮುಂದೆಯೂ ತಲೆ ಬಾಗಬೇಕಾಗಿಲ್ಲ. ಆದ್ದರಿಂದ ಹೋಟೆಲಿನ ಯಜಮಾನ ಒಳ್ಳೆಯವನೇ ಎಂದು ಕೇಳಿದರೆ ಸಾಲದು. ಯಜಮಾನ ಕೆಟ್ಟವನಾದರೂ ಕೆಲಸಗಾರನಿಗೆ ರಕ್ಷಣೆಯಿದೆಯೇ ಎಂದು ಕೇಳಬೇಕು.

ಏನು ಎಂಬ ಪ್ರಶ್ನೆ, ಯಾರು ಎಂಬ ಪ್ರಶ್ನೆ

ಈಗ ನಮ್ಮ ಕಾಲದ ಮುಖ್ಯ ಗೊಂದಲಕ್ಕೆ ಬರೋಣ. ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಹಕ್ಕು ತಿನ್ನುವವನಿಗೆ ಪೂರ್ತಿಯಾಗಿ ಇದೆ. ಸಸ್ಯಾಹಾರಿಗೆ ಇದೆ, ಜೈನರಿಗೆ ಇದೆ, ಹಲಾಲ್ ಬೇಕೆನ್ನುವ ಮುಸ್ಲಿಮನಿಗೆ ಇದೆ, ಕಡಲೆಕಾಯಿ ತಿಂದರೆ ಮೈ ಊದುವವನಿಗೂ ಇದೆ. ಈ ಹಕ್ಕನ್ನು ಕಡೆಗಣಿಸಿದ ದೊಡ್ಡ ಹೆಸರೂ ತಲೆತಗ್ಗಿಸಬೇಕಾಗಿದೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ 1990ರಲ್ಲಿ ತನ್ನ ಆಲೂಗಡ್ಡೆ ಫ್ರೈಗಳನ್ನು ಇನ್ನು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಸಾರಿತು. ಆದರೆ ಅವುಗಳಿಗೆ ಗೋಮಾಂಸದ ರುಚಿದ್ರವ್ಯವನ್ನು ಸೇರಿಸಲಾಗುತ್ತಿತ್ತು. 2001ರಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. 2002ರಲ್ಲಿ ಸಂಸ್ಥೆ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಧಾರ್ಮಿಕ ಸಂಘಟನೆಗಳು ಮುಂತಾದವಕ್ಕೆ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಫ್ರೈಗಳ ರುಚಿ ಕೆಟ್ಟಿರಲಿಲ್ಲ, ಅದನ್ನು ತಿಂದು ಯಾರೂ ಕಾಯಿಲೆ ಬಿದ್ದಿರಲಿಲ್ಲ. ಮುರಿದದ್ದು ಮಾತು, ಅಷ್ಟೇ. ಆದರೆ ಅಪರಿಚಿತರ ನಡುವೆ ಮಾತು ಬಿಟ್ಟರೆ ಬೇರೆ ಆಸ್ತಿ ಏನಿದೆ?

ಏನು ಎಂಬ ಈ ಪ್ರಶ್ನೆಯ ಹೆಗಲೇರಿ ಇನ್ನೊಂದು ಪ್ರಶ್ನೆ ಬರುತ್ತದೆ: ಯಾರು? ಒಲೆಯ ಮುಂದೆ ಯಾರಿದ್ದಾರೆ, ಗಲ್ಲಾದ ಮೇಲೆ ಯಾರಿದ್ದಾರೆ, ಅವರ ಹೆಸರೇನು? 2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸದ ಬಹಿಷ್ಕಾರಕ್ಕೆ ಕರೆ ಬಂದಾಗ ಮಾಂಸ ಕತ್ತರಿಸುವ ವಿಧಾನದ ಮಾತು ಬಹುಬೇಗ ಮಾರುವವನ ಧರ್ಮದ ಮಾತಾಯಿತು. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಹೋಟೆಲುಗಳವರು ತಮ್ಮ ಹೆಸರು ಬರೆದು ಹಾಕಬೇಕೆಂಬ ಆದೇಶ ಹೊರಟಿತು. ಜುಲೈ 22ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಹೃಷಿಕೇಶ್ ರಾಯ್ ಮತ್ತು ಎಸ್.ವಿ.ಎನ್. ಭಟ್ಟಿ ಅವರ ಪೀಠ ಮಧ್ಯಂತರ ತಡೆ ನೀಡಿತು. ಯಾವ ಬಗೆಯ ಆಹಾರವೆಂದು ಬರೆಯಬೇಕೆನ್ನಬಹುದು, ಮಾಲೀಕರ, ಕೆಲಸಗಾರರ ಹೆಸರು ಬರೆಯಲು ಬಲವಂತ ಮಾಡುವಂತಿಲ್ಲ ಎಂಬುದು ಆ ಆದೇಶದ ತಿರುಳು. ಏನು ಮತ್ತು ಯಾರು ಎಂಬ ಎರಡು ಪ್ರಶ್ನೆಗಳ ನಡುವಿನ ಗೆರೆಯನ್ನು ಪೀಠ ಇಲ್ಲಿ ಸ್ಪಷ್ಟವಾಗಿ ಎಳೆಯಿತು. 2025ರಲ್ಲಿ ಕ್ಯೂಆರ್ ಕೋಡಿನ ರೂಪದಲ್ಲಿ ಅದೇ ವಿವಾದ ಮತ್ತೆ ತಲೆಯೆತ್ತಿತು.

ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಭಟ್ಟಿಯವರು ತಮ್ಮ ಅನುಭವವೊಂದನ್ನು ಹೇಳಿದರು. ಕೇರಳದಲ್ಲಿದ್ದಾಗ ಹಿಂದೂವೊಬ್ಬರ ಸಸ್ಯಾಹಾರಿ ಹೋಟೆಲೂ ಮುಸ್ಲಿಮರೊಬ್ಬರ ಸಸ್ಯಾಹಾರಿ ಹೋಟೆಲೂ ಇದ್ದವಂತೆ. ತಾವು ಹೋಗುತ್ತಿದ್ದದ್ದು ದುಬೈಯಿಂದ ಮರಳಿದ್ದ ಆ ಮುಸ್ಲಿಮರ ಹೋ��ೆಲಿಗೆ, ಏಕೆಂದರೆ ಶುಚಿತ್ವ ಅಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿತ್ತು ಎಂದರು. ಸಸ್ಯಾಹಾರ ಬೇಕೆನ್ನುವುದು ಏನು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕ ಮೇಲೆ ಅವರು ಶುಚಿತ್ವವನ್ನು ನೋಡಿದರು, ಹೆಸರನ್ನು ನೋಡಲಿಲ್ಲ.

ಈ ಕನ್ನಡಿಯಲ್ಲಿ ನಾವು ನಮ್ಮ ಮುಖವನ್ನೂ ನೋಡಿಕೊಳ್ಳಬೇಕು. ಹಲಾಲ್ ಎಂಬುದು ಏನು ಮತ್ತು ಹೇಗೆ ಎಂಬುದರ ನಿಯಮ. ಅದನ್ನು ಪಾಲಿಸುವುದು ತಪ್ಪಲ್ಲ. ಆದರೆ ಪಲ್ಯ, ಪೂರಿ, ಚಹಾಕ್ಕೂ ‘ನಮ್ಮವರ ಹೋಟೆಲೇ’ ಬೇಕೆಂದು ಹುಡುಕುವಾಗ ನಾವೂ ಯಾರು ಎಂಬ ಪ್ರಶ್ನೆಗೆ ಜಾರಿರುತ್ತೇವೆ. ನಮ್ಮವರ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನ ವಯಸ್ಸೆಷ್ಟು, ಆತ ಶಾಲೆಗೆ ಹೋಗಬೇಕಾದವನೇ ಎಂದು ಕೇಳದೆ, ಮಾಂಸದ ಬಗ್ಗೆ ಮಾತ್ರ ಕೇಳಿ ಕುಳಿತರೆ ನಮ್ಮ ಪ್ರಶ್ನೆ ಅರ್ಧದಲ್ಲೇ ನಿಂತಿದೆ ಎಂದರ್ಥ. ಶುದ್ಧವಾದ ಆಹಾರವೆಂಬುದು ಮಾಂಸಕ್ಕೆ ಮಾತ್ರ ಸಂಬಂಧಿಸಿದ್ದಾಗಿರಲು ಸಾಧ್ಯವಿಲ್ಲ. ಕೂಲಿ ಸಲ್ಲದ ಕೈಯಿಂದ ಬಂದ ಅನ್ನವೂ ಪ್ರಶ್ನಾರ್ಹವೇ.

ಹಾಗಾದರೆ ಯಾವ ಹೋಟೆಲು ಊಟಕ್ಕೆ ಯೋಗ್ಯ? ತನ್ನನ್ನು ಯಾರೂ ನೋಡದಿದ್ದಾಗಲೂ ಅಳತೆ ತಪ್ಪದ ಹೋಟೆಲು. ಬಾಗಿಲಿನಲ್ಲಿ ಹೆಸರು ಕೇಳದ ಹೋಟೆಲು. ಗಿರಾಕಿಗೆ ಕೊಟ್ಟ ಮಾತನ್ನೇ ಕೆಲಸಗಾರನಿಗೂ ಕೊಟ್ಟಿರುವ ಹೋಟೆಲು. ಈ ಮೂರೂ ಪೂರ್ತಿಯಾಗಿ ಇರುವ ಹೋಟೆಲು ನಮ್ಮ ಸುತ್ತ ಬಹುಶಃ ಇಲ್ಲ. ಒಂದರಲ್ಲಿ ಅಳತೆ ಚೆನ್ನಾಗಿದ್ದರೆ ಇನ್ನೊಂದರಲ್ಲಿ ಬಾಗಿಲು ಚೆನ್ನಾಗಿರುತ್ತದೆ. ಹಾಗೆಂದು ಉಪವಾಸ ಇರಬೇಕಾಗಿಲ್ಲ. ನಾವು ಯಾವುದನ್ನು ಕೇಳುತ್ತೇವೋ ಅದನ್ನು ಹೋಟೆಲಿನವರು ಕೊಡುತ್ತಾರೆ. ಬಿಸಿ ಸಾಂಬಾರು ಕೇಳಿದೆವು, ಕೊಟ್ಟರು. ಶುಚಿಯಾದ ಲೋಟ ಕೇಳಿದೆವು, ಕೊಟ್ಟರು. ಒಂದೇ ಲೋಟಕ್ಕಾಗಿ ಹೋರಾಟವೇ ನಡೆಯಿತು, ಅದೂ ಬಹಳ ಕಡೆ ಸಿಕ್ಕಿತು. ಮುಂದಿನ ಸಲ ಬಿಲ್ಲು ಕೊಡುವಾಗ ತಟ್ಟೆ ಎತ್ತುವ ಹುಡುಗನನ್ನು, ಊಟ ಆಯಿತೇನಪ್ಪಾ, ವಾರದ ರಜೆ ಇದೆಯೇನಪ್ಪಾ ಎಂದು ಕೇಳಬಹುದು. ಗಲ್ಲಾದ ಮೇಲೆ ಕುಳಿತವರಿಗೆ ಆ ಮಾತು ಕೇಳಿಸಿದರೆ ಇನ್ನೂ ಒಳ್ಳೆಯದು.